ಹಿಂದೂರಾವನ ತೊಟ್ಟಿಲಗಾಡಿ

"ಕಂಕುಳಾಗ ಕೈ ಹಾಕಬ್ಯಾಡ್ರಿ ಅಂದೆ ನಾ! ಭುಜ ಕಿತ್ತು ಬರ್ತೈತಿ!"

ನಾಲ್ವರು ಹೆಂಗಸರು ಮಾಲನಳನ್ನು ಹೊಸ್ತಿಲ ಮೇಲೆ ಅರ್ಧ ಎತ್ತಿ ಹಾಗೇ ನಿಂತುಬಿಟ್ಟರು. ಒಬ್ಬಳ ಕೈಯಲ್ಲಿ ಕಾಲುಗಳಿದ್ದವು, ಇನ್ನೊಬ್ಬಳು ಸೊಂಟದ ಸೀರೆಯನ್ನೇ ಮುಷ್ಟಿಯಲ್ಲಿ ಹಿಡಿದಿದ್ದಳು. ಇಳಿಯಬೇಕಾದದ್ದು ಎರಡೇ ಮೆಟ್ಟಿಲು. ಕೆಳಗೆ ಅಂಗಳದಲ್ಲಿ, ಬಿದಿರಿನ ಚಟ್ಟದ ಪಕ್ಕದ ಚಾಪೆಯ ಮೇಲೆ ಅವಳ ಗಂಡ ಹಿಂದೂರಾವ ಚೌಗುಲೆ ಮಲಗಿದ್ದ. ಬಿಸಿನೀರು ಹುಯ್ದು ಮೀಯಿಸಿದ್ದರೂ ಉಗುರಿನ ಸಂದಿಯ ಗ್ರೀಸು ಹೋಗಿರಲಿಲ್ಲ.

"ಮತ್ತ ಹೆಂಗ ಎತ್ತಬೇಕು ನೀನ ಹೇಳು ವೈನಿ," ಎಂದಳು ಪಕ್ಕದ ಮನೆಯ ಇಂದುಬಾಯಿ, ಏದುಸಿರು ಬಿಡುತ್ತ. "ನಮಗೇನ ಗೊತ್ತು? ದಿನಾ ಎತ್ತಾಂವ ಅಲ್ಲಿ ಮಲಗ್ಯಾನ."

ಹೇಗೋ ಇಳಿಸಿದರು. ಇಳಿಸುವಾಗ ಅವಳ ಹಿಮ್ಮಡಿ ಮೆಟ್ಟಿಲಿಗೆ ಬಡಿದು ಚರ್ಮ ಸುಲಿಯಿತು. ಅದು ಅವಳಿಗೆ ತಿಳಿಯಲಿಲ್ಲ, ಉಳಿದವರೆಲ್ಲ ನೋಡಿ ಮುಖ ತಿರುಗಿಸಿದರು.

ಗಂಡಸರು ಕಂಪೌಂಡಿನ ಗೋಡೆಗುಂಟ ಕೂತಿದ್ದರು. ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯಲ್ಲಿ ಹಿಂದೂರಾವನ ಜೊತೆ ಗುಮಾಸ್ತರಾಗಿದ್ದ ನಾಲ್ಕೈದು ಜನ ಒಂದು ಕಡೆ, ಭಾವಕಿಯ ದಾಯಾದಿಗಳು ಇನ್ನೊಂದು ಕಡೆ.

"ದೇವರಂಥಾ ಮನಷ್ಯಾ," ಎಂದ ಒಬ್ಬ ಗುಮಾಸ್ತ. "ಹೇಣ್ತಿ ಕಾಲು ಹೋದ ಮ್ಯಾಲ ಎರಡನೇದಾಕಿ ಮಾಡ್ಕೊ ಅಂತ ಎಷ್ಟ ಮಂದಿ ಹೇಳಿದ್ರು. ಕಿವಿ ಮ್ಯಾಲ ಹಾಕ್ಕೊಳ್ಳಿಲ್ಲ."

"ಆ ತೊಟ್ಟಿಲಗಾಡಿ ಕೈಲೇ ಮಾಡ್ಯಾನ ಮಗಾ. ಒಂದ ಬೋಲ್ಟ ಸೈತ ಹೊರಗ ಹಾಕಿಸಿಲ್ಲ. ರಂಕಾಳಾ ಕೆರಿ ಸುತ್ತ ಮಹಾರಾಣಿ ತಿರಗಿಸಿದಂಗ ತಿರಗಿಸ್ಯಾನ."

ಗೇಟಿನ ಹೊರಗೆ, ಯಾರೂ ಕರೆಯದೆ, ಒಳಗೂ ಬರದೆ, ಒಬ್ಬ ನಿಂತಿದ್ದ. ಕಾಗಲದಿಂದ ಬಂದ ಧೋಂಡೀರಾಮ, ಮಾಲನಳ ಅಣ್ಣ. ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು, ಹಿಂದೂರಾವ ಮನೆಯಲ್ಲಿದ್ದಾಗ ಅವನು ಈ ಗೇಟು ದಾಟಿರಲಿಲ್ಲ. ಇವತ್ತೂ ಹಿಂದೂರಾವ ಮನೆಯಲ್ಲೇ ಇದ್ದ.

*

ಮದುವೆಯಾದ ಹೊಸದರಲ್ಲಿ ಮಾಲನ ಗಂಡನ ಜೊತೆ ಅಂಗಳದ ತಗಡಿನ ಶೆಡ್ಡಿನಲ್ಲೇ ಸಂಜೆ ಕಳೆಯುತ್ತಿದ್ದಳು. ಹಿಂದೂರಾವ ಕಬ್ಬಿನ ಗಾಡಿಗಳನ್ನು ತೂಗಿ ಬರುತ್ತಿದ್ದ, ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದ, ಆಮೇಲೆ ತನ್ನ ಎರಡು ಸೈಲೆನ್ಸರಿನ ಹಳೆಯ ಮೋಟಾರ್‌ಸೈಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದ. ಅವನು ಕೈ ಚಾಚಿದರೆ ಸಾಕು, ನಟ್ಟು ಬಿಚ್ಚುವ ಎಷ್ಟನೆಯ ನಂಬರಿನ ಪಾನಾ ಎಂದು ಕೇಳದೆ ಅವಳು ಸರಿಯಾದದ್ದನ್ನೇ ಅಂಗೈಗೆ ಇಡುತ್ತಿದ್ದಳು. ಸೈಲೆನ್ಸರಿನ ಮಸಿ ಸುಡಲು ಒಳಗೆ ಹುಲ್ಲು ತುರುಕಿ ಬೆಂಕಿ ಹಚ್ಚಿದಾಗ ಇಬ್ಬರೂ ಕೆಮ್ಮಿ ಕೆಮ್ಮಿ ನಗುತ್ತಿದ್ದರು. ಅವನ ಕೈಗೆ ಬಂದರೆ ಯಾವ ಯಂತ್ರವೂ ಕಾರ್ಖಾನೆಯಿಂದ ಬಂದ ಹಾಗೆ ಉಳಿಯುತ್ತಿರಲಿಲ್ಲ. ಇನ್ನಷ್ಟು ವೇಗ, ಇನ್ನಷ್ಟು ಎಳೆತ. ಹಾಗೇ ಒಮ್ಮೆ ಹಿಂದಿನ ಹಲ್ಲಿನ ಚಕ್ರ ತೆಗೆದು ಚಿಕ್ಕದನ್ನು ಕೂರಿಸಿದ, ಚೈನು ತುಂಡರಿಸಿ ಹೊಸ ಕೊಂಡಿ ಹಾಕಿದ.

ಮರುದಿನ ಜ್ಯೋತಿಬಾ ಗುಡ್ಡಕ್ಕೆ ಹೋಗಿ, ಗುಲಾಲು ಮೆತ್ತಿದ ಮುಖದಲ್ಲೇ ಇಳಿಯುತ್ತಿದ್ದರು. ತಿರುವಿನಲ್ಲಿ ಕೊಂಡಿ ಕಳಚಿತು. ಚೈನು ಹಿಂದಿನ ಗಾಲಿಗೆ ಸುತ್ತಿಕೊಂಡು ಗಾಲಿ ಕಲ್ಲಾಯಿತು. ಹಿಂದೂರಾವನಿಗೆ ಮಂಡಿ ತರಚಿತು. ಮಾಲನ ರಸ್ತೆಯಂಚಿನ ಮೈಲಿಗಲ್ಲಿಗೆ ಬೆನ್ನು ಕೊಟ್ಟು ಬಿದ್ದಿದ್ದಳು. ಏಳಲಿಲ್ಲ.

ಆಸ್ಪತ್ರೆಯ ಪಡಸಾಲೆಯಲ್ಲಿ ಧೋಂಡೀರಾಮ ಏನೂ ಕೇಳಿರಲಿಲ್ಲ. ಹಿಂದೂರಾವನೇ ಹೇಳಿದ: "ಚೈನಿನ ಕೊಂಡಿ ಬೀಗ ಉಲ್ಟಾ ಹಾಕಿದ್ನಲ್ಲೋ ಧೋಂಡಿಬಾ. ಅದರ ತೆರದ ಬಾಯಿ ಮುಂದ ಬಂದಿತ್ತು. ನನ್ನ ಕೈಲೇ ಹಾಕಿದ್ದು." ಧೋಂಡೀರಾಮ ಅವನ ಕೆನ್ನೆಗೆ ಹೊಡೆದ. ಹಿಂದೂರಾವ ಇನ್ನೊಂದು ಏಟಿಗೆ ಕಾಯುವವನಂತೆ ಅಲ್ಲೇ ನಿಂತಿದ್ದ.

*

"ಒಳಗ ಬಾ ದಾದಾ," ಮಾಲನ ಅಂಗಳದಿಂದಲೇ ಕೂಗಿದಳು. "ಇನ್ನ ಯಾರ ಮ್ಯಾಲ ಸಿಟ್ಟು?"

ಧೋಂಡೀರಾಮ ಬಂದ. ಹೆಣದ ಕಡೆ ನೋಡದೆ ತಂಗಿಯ ಮುಂದೆ ಕೂತ. ಅವಳ ಎರಡೂ ಮೊಣಕೈಗೆ ಬಟ್ಟೆ ಸುತ್ತಿತ್ತು.

"ಇದೇನ?"

"ನಿನ್ನಿ ಸಂಜೀಕ ಶೆಡ್ಡಿನಾಗಿಂದ ನನ್ನ ಹೆಸರ ಹಿಡದು ಒಂದ ಸಲ ಕರದ್ರು. ಒಂದ ಸಲ. ಆಮ್ಯಾಲ ಏನೋ ಕಬ್ಬಿಣ ಬಿದ್ದ ಸಪ್ಪಳ." ಅವಳ ಧ್ವನಿಯಲ್ಲಿ ಏರಿಳಿತವಿರಲಿಲ್ಲ. "ಆಚಿ ಓಣ್ಯಾಗ ಅರಿಷಿಣದ ಕಾರ್ಯ, ಲೌಡಸ್ಪೀಕರ ಹಚ್ಚಿದ್ರು. ನಾ ಎಷ್ಟ ಒದರಿದ್ರೂ ಯಾರಿಗೂ ಕೇಳಲಿಲ್ಲ. ಹೊಸ್ತಿಲಾ ತನಕಾ ಗಾಲಿ ಮಣಿ ಮ್ಯಾಲ ಬಂದೆ, ಅಲ್ಲಿ ಇಳದು ತೆವಳಿದೆ. ಮೆಟ್ಟಲದ ಮ್ಯಾಲ ತಲಿ ಕೆಳಗಾಗಿ ಸಿಕ್ಕೊಂಡೆ. ಅಲ್ಲಿಂದ ಅವರ ಪಾದ ಕಾಣತಿದ್ವು. ಅಲಗ್ಯಾಡತಿದ್ವು."

ಇಂದುಬಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಬಾಳ ಹೊತ್ತ ಅಲಗ್ಯಾಡಿದ್ವು ದಾದಾ."

ಧೋಂಡೀರಾಮ ಆ ಎರಡು ಮೆಟ್ಟಿಲುಗಳನ್ನು ನೋಡಿದ. ಕಡಪಾ ಕಲ್ಲಿನವು, ಅಂಚು ಸವೆದಿದ್ದವು.

*

ಅಪಘಾತವಾದ ವರ್ಷವೇ ಹಿಂದೂರಾವ ಆ ಮೋಟಾರ್‌ಸೈಕಲ್ಲಿಗೆ ಎಡಗಡೆ ಅವಳು ಕೂರಲು ಸೈಡ್‌ಕಾರಿನಂಥ ತೊಟ್ಟಿಲು ಕಟ್ಟಿದ್ದ. ವೆಲ್ಡಿಂಗ್ ಅಂಗಡಿಯ ಗೆಳೆಯ ಬಾಬಾಲಾಲ ಮುಲ್ಲಾನ ಹತ್ತಿರ ಪೈಪು ಬಗ್ಗಿಸುವುದು ಕಲಿತ. ಸ್ಕೂಟರಿನ ಗಾಲಿ, ಟಿನ್ನಿನ ಮೈ, ಒಳಗೆ ಸ್ಪ್ರಿಂಗಿನ ಆಸನ. ಅದು ಮುಗಿಯುವ ಕೆಲಸವಾಗಿರಲಿಲ್ಲ. ಒಂದು ಮಳೆಗಾಲಕ್ಕೆ ಕ್ಯಾನ್ವಾಸಿನ ಛತ್ತು ಬಂತು, ಇನ್ನೊಂದಕ್ಕೆ ಜರ್ಕು ನುಂಗುವ ಸಾಧನ. ಆಮೇಲೆ ಬೆಲ್ಟು, ಪಾದ ಜಾರದಂತೆ ಚರ್ಮದ ಪಟ್ಟಿ, ತೊಟ್ಟಿಲಿಗೇ ಬೇರೆ ಬ್ರೇಕು. ಮನೆಯೊಳಗೆ ಅವಳಿಗೆ ಬೇರಿಂಗಿನ ಗಾಲಿಯ ಮಣೆ ಮಾಡಿಕೊಟ್ಟ. ಮಣೆ ಹೊಸ್ತಿಲಿಗೆ ಬಂದು ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ಅವನ ತೋಳು.

"ಮೆಟ್ಟಲಾ ಒಡದು ಇಳಿಜಾರ ಮಾಡ್ರಿ," ಎನ್ನುತ್ತಿದ್ದಳು ಅವಳು.

"ಮಾಡೂನಂತ. ಈ ವಾರ ಛತ್ತಿಂದು ಮುಗೀಲಿ."

ಸಂಜೆ ರಂಕಾಳಾ ಕೆರೆ, ಸುಟ್ಟ ಮೆಕ್ಕೆತೆನೆ. ಜನ ನಿಂತು ನೋಡುವರು, ಮಕ್ಕಳು ಹಿಂದೆ ಓಡುವರು. ಹಿಂದೂರಾವನ ಕುತ್ತಿಗೆ ನೆಟ್ಟಗಾಗುತ್ತಿತ್ತು. ಮಾಲನ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ತನ್ನ ಕಾಲುಗಳನ್ನು ನೋಡುತ್ತ ಕೂರುತ್ತಿದ್ದಳು.

ಅಂಥ ಒಂದು ಸಂಜೆ ಕಾಲಿಲ್ಲದ ಒಬ್ಬಾತ ಮೂರು ಗಾಲಿಯ ಸ್ಕೂಟರಿನಲ್ಲಿ, ಕೈಯಲ್ಲೇ ಎಲ್ಲವನ್ನೂ ನಡೆಸುತ್ತ, ಬಾಯಲ್ಲಿ ಸಿಳ್ಳೆ ಹಾಕುತ್ತ ಅವರನ್ನು ದಾಟಿ ಹೋದ. ಅವಳು ಕಣ್ಣು ಕೀಳದೆ ನೋಡಿದಳು.

"ನಂಗ ಅಂಥಾದ್ದೊಂದ ಮಾಡಿ ಕೊಡ್ರಿ."

"ಯಾಕ? ಎಲ್ಲಿಗಿ ಹೋಗಬೇಕು ಹೇಳು, ನಾ ಒಯ್ತೀನಿ."

"ಎಲ್ಲಿಗೂ ಅಲ್ಲ. ನಾನ ಹೋಗಬೇಕು."

ಹಿಂದೂರಾವ ಬಂಡಿಯನ್ನು ಮನೆಯ ಕಡೆ ತಿರುಗಿಸಿದ. ಕೆಲವು ತಿಂಗಳಾದ ಮೇಲೆ ತೊಟ್ಟಿಲಿಗೆ ಹೊಸ ಮಖಮಲ್ಲಿನ ಮೆತ್ತೆ ಹೊಲಿಸಿ ತಂದ. ಅವಳು ಮತ್ತೆ ಕೇಳಲಿಲ್ಲ. ಇಳಿಜಾರನ್ನೂ ಕೇಳಲಿಲ್ಲ.

*

ಸಾವಿನ ಮನೆಯ ಕಾರ್ಯವನ್ನೆಲ್ಲ ಹಿಡಿದು ನಡೆಸುತ್ತಿದ್ದವನು ಹಿಂದೂರಾವನ ದೊಡ್ಡಪ್ಪನ ಮಗ ತಾತೋಬಾ. ಮಕ್ಕಳಿಲ್ಲದವನಿಗೆ ಬೆಂಕಿ ಕೊಡಲು ತನ್ನ ಮಗನ ತಲೆ ಬೋಳಿಸಿ ಕೂರಿಸಿದ್ದ. "ಏಳ್ರಿನ್ನ, ಬಿಸಲೇರಾಕತ್ತೈತಿ," ಎಂದು ಎದ್ದ.

"ನಾನೂ ಬರ್ತೀನಿ," ಎಂದಳು ಮಾಲನ.

"ಹೆಂಗಸರು ಸುಡಗಾಡಿಗಿ ಬರೂ ಪದ್ಧತಿ ನಮ್ಮ ಮನಿತನದಾಗ ಇಲ್ಲ ಬಾಯಿ."

"ನಡಕೋಂತ ಹೋಗೂ ಹೆಂಗಸರಿಗಿ ಇರಬೇಕು ಆ ಪದ್ಧತಿ. ನಾ ಎಂದ ನಡದೇನಿ ಭಾವೂಜಿ? ಕುಂತು ಬರ್ತೀನಿ."

"ಯಾವದರಾಗ? ಅದರ ಗಾಲಿ ಬಿಚ್ಚಿ ಒಗದು ಸತ್ತಾನ ಅಂವ!"

ನಿಜವೇ. ಶೆಡ್ಡಿನಲ್ಲಿ ತೊಟ್ಟಿಲಿನ ಗಾಲಿ ಕಳಚಿ ಇಟ್ಟಿತ್ತು, ಬ್ರೇಕಿನ ಶೂಗಳ ಹೊಸ ಜೋಡು ಕಾಗದದಿಂದ ಅರ್ಧ ಹೊರಗೆ ಬಂದಿತ್ತು. ಹಿಂದೂರಾವ ಕೊನೆಯ ಸಲ ಕೂತದ್ದು, ಎದೆ ಹಿಡಿದು ಬಿದ್ದದ್ದು ಅದರ ಮುಂದೆ.

ಮಾಲನ ಬಾಬಾಲಾಲನ ಕಡೆ ನೋಡಿದಳು. ಬಿಳಿ ಗಡ್ಡದ ಬಾಬಾಲಾಲ ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದವನು ಎದ್ದ, ಟೋಪಿ ತೆಗೆದು ಜೇಬಿಗಿಟ್ಟ, ಶೆಡ್ಡಿನಿಂದ ಪಾನಾಗಳನ್ನು ತಂದ. ತೊಟ್ಟಿಲಿನ ಬಂಡಿಯನ್ನು ಅಂಗಳಕ್ಕೆ ಎಳೆದರು.

"ಹೆಣ ಕಾಯಾಕತ್ತೈತಿ, ಇವರು ಗ್ಯಾರೇಜ ತಗದ್ರು!" ತಾತೋಬಾ ಒದರಿದ.

"ಅಂವ ಕಾಯತಾನ," ಎಂದ ಬಾಬಾಲಾಲ. "ಈ ಬಂಡಿ ಅರ್ಧಕ್ಕ ಬಿಟ್ಟು ಅಂವ ಎಂದೂ ಎಲ್ಲಿಗೂ ಹೋದಾಂವ ಅಲ್ಲ. ಧೋಂಡಿಬಾ, ಈ ಕಡಿ ಎತ್ತಿ ಹಿಡಿ."

ಧೋಂಡೀರಾಮ ಕದಲಲಿಲ್ಲ. ಆ ಬಂಡಿಯನ್ನು ಜನ್ಮದಲ್ಲಿ ಮುಟ್ಟುವುದಿಲ್ಲ ಎಂದಿದ್ದವನು ಅವನು. ತಂಗಿಯ ಮುಖ ನೋಡಿದ. ಆಮೇಲೆ ಬಂದು ತೊಟ್ಟಿಲಿನ ಮೂಲೆಗೆ ಹೆಗಲು ಕೊಟ್ಟ.

ಬಾಬಾಲಾಲ ಬ್ರೇಕಿನ ಜೋಡು ಕೂರಿಸುತ್ತ, ತಲೆ ಎತ್ತದೆ ಹೇಳಿದ: "ವೈನಿ, ಒಂದ ಮಾತು. ಅಂವ ಇರೂತನಕಾ ಹೇಳಬ್ಯಾಡ ಅಂತ ಆಣಿ ಹಾಕಿದ್ದ. ನಿಮಗ ಮೂರ ಗಾಲಿದು ಮಾಡಿದ್ದ ಅಂವ."

"ಯಾವ್ದು?"

"ಕೈಲೇ ನಡಸೂದು. ನನ್ನ ಅಂಗಡ್ಯಾಗ. ಪೂರಾ ಮುಗಿಸಿದ್ದ. ಹಸರ ಬಣ್ಣ ಹಚ್ಚಿದ್ದ. ತನ್ನ ಎರಡೂ ಕಾಲು ಹಗ್ಗಲೇ ಕಟಗೊಂಡು, ನಿಮ್ಮಂಗ ಕುಂತು, ನಡಿಸಿ ನೋಡಿದ. ಮೂರ ದಿವಸ ಚಂದ ನಡೀತು. ನಾಕನೇ ದಿವಸ ಇಳಿಜಾರಿನ್ಯಾಗ ತಿರಗಸೂವಾಗ ಉರುಳಿತು. ಕಾಲು ಕಟ್ಟಿತ್ತಲ್ಲ, ಕೆಳಗ ಸಿಕ್ಕ. ನಾ ಹೋಗಿ ಎಬ್ಬಿಸಿದೆ. ಏನೂ ಆಗಿರಲಿಲ್ಲ ಅವಗ. ಆದ್ರ ಎದ್ದು ಬಂದಾಂವ ಗರಗಸ ತಗೊಂಡು, ಅಳಕೋಂತ, ಅಷ್ಟೂ ಕೊಯ್ದು ಹಾಕಿದ. ಆಮ್ಯಾಲ ಆ ಪೈಪು ಈ ತೊಟ್ಟಿಲದ ಛತ್ತಿಗಿ ಹಾಕಿದ, ನೋಡ್ರಿ."

ಅಂಗಳದಲ್ಲಿ ಯಾರೋ "ಅಯ್ಯೋ ದೇವರೇ" ಎಂದರು. ಗುಮಾಸ್ತನೊಬ್ಬ ಕಣ್ಣೊರೆಸಿಕೊಂಡ. ಇನ್ನು ಮಾಲನ ಗೋಳಾಡುತ್ತಾಳೆ, ಎದೆ ಹಗುರಾಗುತ್ತದೆ ಎಂದು ಇಂದುಬಾಯಿ ಅವಳ ಬೆನ್ನಿಗೆ ಕೈಯಿಟ್ಟಳು.

ಮಾಲನ ಆ ಕೈ ಸರಿಸಿದಳು. ಚಾಪೆಯ ಕಡೆ ತಿರುಗಿ, ಬದುಕಿರುವವನ ಜೊತೆ ಜಗಳ ತೆಗೆದವಳಂತೆ ಕೇಳಿದಳು: "ಬಿದ್ರ ನಾ ಬೀಳತಿದ್ದೆ. ನಿಮಗೇನಾಗಿತ್ತು? ಮುರಿಯಾಕ ನನ್ನ ಹತ್ರ ಇನ್ನೇನ ಉಳದಿತ್ತು? ಮೂರ ದಿವಸ ನಡೀತಂತಲ್ಲ. ಆ ಮೂರ ದಿವಸಾನರ ನಂಗ ಕೊಡಬಾರದಿತ್ತ?"

ಬಾಬಾಲಾಲ ಗಾಲಿ ಕೂರಿಸಿ ಬಿಗಿದ.

ಮಾಲನ ಅವನ ಕಡೆ ತಿರುಗಿದಳು. "ಅಚ್ಚಿನ ನಟ್ಟಿಗಿ ಪಿನ್ನ ಹಾಕಿದಿ?"

"ಹಾಕೇನಿ ವೈನಿ."

"ಬಗ್ಗಿಸಿದಿ?"

ಬಾಬಾಲಾಲ ಬಗ್ಗಿಸಿದ್ದ. ಆದರೂ ಧೋಂಡೀರಾಮ ಇಕ್ಕಳ ತೆಗೆದುಕೊಂಡು ಬಾಗಿ, ನಟ್ಟು ಕಳಚದಂತೆ ತಡೆಯುವ ಆ ಸಣ್ಣ ತಂತಿಯ ಎರಡೂ ತುದಿಗಳನ್ನು ಇನ್ನೊಮ್ಮೆ ಒತ್ತಿದ.

ಬಾಬಾಲಾಲ ಚಟ್ಟಕ್ಕೆ ಹೆಗಲು ಕೊಡುವವನು, ಬಂಡಿ ನಡೆಸಲಾರ. "ನೀನ ನಡಸು ದಾದಾ," ಎಂದಳು ಮಾಲನ.

"ನಾ ಟ್ರ್ಯಾಕ್ಟರ್ ಬಿಟ್ಟು ಬ್ಯಾರೆ ನಡಿಸಿಲ್ಲ."

"ನಾ ಹೇಳತೀನಿ. ಮದಲ ನನ್ನ ಎತ್ತು. ಒಂದ ಕೈ ಮಣಕಾಲದ ಕೆಳಗ, ಒಂದ ಬೆನ್ನಿಗಿ. ನಿನ್ನ ಕೊರಳಿಗಿ ನಾ ಬೀಳತೀನಿ. ಈಗ ಏಳು."

ಧೋಂಡೀರಾಮ ಎದ್ದ. ಇಷ್ಟು ಹಗುರ ಇರುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ.

*

ಮುಂದೆ ಚಟ್ಟ, ಹಿಂದೆ ಜನ, ಕೊನೆಗೆ ಬಂಡಿ. ಗಾಡಿ ಎಡಕ್ಕೆ ಎಳೆಯುತ್ತಿತ್ತು. ಧೋಂಡೀರಾಮ ಬೆವರಿದ. "ಗ್ಯಾಸ ಒಮ್ಮೆಲೆ ಬಿಡಬ್ಯಾಡ, ಬಲಕ್ಕ ತಿರಗತೈತಿ," ಎಂದು ಮಾಲನ ಒಳಗಿನಿಂದ ಹೇಳುತ್ತಿದ್ದಳು. "ಎಳೀತೈತಿ ಅಂತ ಜಗ್ಗಬ್ಯಾಡ, ಹಗೂರಕ ತಡಿ. ಈಗ ಕ್ಲಚ್ಚ." ರಸ್ತೆಯ ಜನ ನಿಂತು ನೋಡಿದರು. ಅವಳು ಸೆರಗು ಎಳೆದುಕೊಳ್ಳಲಿಲ್ಲ.

ಪಂಚಗಂಗೆಯ ದಂಡೆಯ ಸುಡುಗಾಡಿನಲ್ಲಿ ಸಗಣಿಯ ಕುಳ್ಳು ಪೇರಿಸಿದ್ದರು. ಧೋಂಡೀರಾಮ ಬಂಡಿಯನ್ನು ಕಂಬಗಳ ನಡುವಿನ ಇಕ್ಕಟ್ಟಿನಲ್ಲಿ ಚಿತೆಯ ಎದುರಿಗೇ ತಂದು ನಿಲ್ಲಿಸಿದ. ತಾತೋಬಾನ ಮಗ ಮಡಕೆ ಒಡೆದು, ಬೆಂಕಿಯಿಟ್ಟು, ಬಾಯಿಗೆ ಅಂಗೈ ಬಡಿದು ಬೊಬ್ಬೆ ಹೊಡೆದ. ಹೊಗೆ ಮೊದಲು ನೆಲಕ್ಕೆ ಹಬ್ಬಿತು, ಆಮೇಲೆ ಮೇಲೆದ್ದಿತು. ಮಾಲನ ಅಳಲಿಲ್ಲ. ಉರಿ ಹತ್ತಿಕೊಂಡಾಗ ಒಮ್ಮೆ ಮಾತ್ರ, ಯಾರಿಗೂ ಕೇಳದಷ್ಟು ಸಣ್ಣದಾಗಿ, ಅವನ ಹೆಸರನ್ನು ಕರೆದಳು. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಕರೆದದ್ದು ಅದೇ ಮೊದಲು.

"ನಡೀರಿನ್ನ," ಎಂದ ತಾತೋಬಾ. "ಯಾರೂ ಹೊಳ್ಳಿ ನೋಡಬ್ಯಾಡ್ರಿ."

ಜನ ಒಬ್ಬೊಬ್ಬರಾಗಿ ಬೆನ್ನು ತಿರುಗಿಸಿ ಬಾಗಿಲ ಕಡೆ ನಡೆದರು. ಧೋಂಡೀರಾಮ ಬಂಡಿ ತಿರುಗಿಸಲು ನೋಡಿದ. ಎರಡೂ ಕಡೆ ಕಂಬ, ಜಾಗ ಸಾಲಲಿಲ್ಲ. ಗೇರಿನ ಮೇಲೆ ಕಾಲಾಡಿಸಿದ.

"ಹಿಂದ ಹೋಗೂ ಗೇರ ಇಲ್ಲ ಇದಕ್ಕ," ಎಂದಳು ಮಾಲನ. "ಇಳದು ದಬ್ಬಬೇಕು."

ಅವನು ಇಳಿದು ಮುಂದೆ ಬಂದ. ಚಿತೆಗೆ ಬೆನ್ನು ಕೊಟ್ಟು, ಹ್ಯಾಂಡಲ್ ಹಿಡಿದು ದಬ್ಬಿದ. ಬಂಡಿ ಬೂದಿಯಲ್ಲಿ ಹೂತಿತ್ತು, ಕದಲಲಿಲ್ಲ. ಮತ್ತೆ ದಬ್ಬಿದ. ಆಗ ಮಾಲನ ತೊಟ್ಟಿಲಿನಿಂದ ಪಕ್ಕಕ್ಕೆ ಬಾಗಿ, ಮಡ್‌ಗಾರ್ಡಿನ ಕೆಳಗೆ ಕೈ ತೂರಿಸಿ, ಟೈರಿನ ಉಬ್ಬುಗಳಿಗೆ ಬೆರಳು ಸಿಕ್ಕಿಸಿ ಹಿಂದಕ್ಕೆ ಎಳೆದಳು. ಗಾಲಿ ಉರುಳಿತು. ಒಂದು ಗೇಣು. ಇನ್ನೊಂದು ಗೇಣು. ಅಣ್ಣ ದಬ್ಬುತ್ತಿದ್ದ, ಅವಳು ಗಾಲಿ ಎಳೆಯುತ್ತಿದ್ದಳು. ಎಲ್ಲರೂ ಬೆನ್ನು ತಿರುಗಿಸಿ ಹೋಗುತ್ತಿದ್ದ ಆ ದಾರಿಯಲ್ಲಿ ಅವಳೊಬ್ಬಳು ಬೆಂಕಿಗೆ ಮುಖ ಕೊಟ್ಟುಕೊಂಡೇ ಹಿಂದೆ ಹಿಂದೆ ಸರಿಯುತ್ತ ಬಾಗಿಲವರೆಗೆ ಬಂದಳು.