ಹತ್ತು ಹೆಂಚು

ಬಂಗಾರಪೇಟೆ ಕಡೆಯ ರೈಲು ಹೋಯಿತು, ಸಾಲಾಗಿ ನಿಲ್ಲಿಸಿದ ಹೆಂಚುಗಳೆಲ್ಲ ಗಲಗಲ ಎಂದು ನಡುಗಿ ಸುಮ್ಮನಾದವು, ಹಾಗಾದರೆ ಗಂಟೆ ಹತ್ತೂವರೆ, ಇನ್ನೂ ಇಡೀ ದಿನ ಬಾಕಿ ಇದೆಯಲ್ಲಪ್ಪಾ ಎಂದು ಆವಲಪ್ಪ ಸಾಲಿನ ಕೊನೆಯವರೆಗೂ ಕಣ್ಣು ಹಾಯಿಸಿದ, ಮೊದಲೆಲ್ಲ ಆ ರೈಲು ಹೋದದ್ದೇ ತಿಳಿಯುತ್ತಿರಲಿಲ್ಲ, ಎಮರ್ಜೆನ್ಸಿಗೂ ಮುಂಚೆ ಸೇರಿದವನು, ಇದೇ ಮಾಲೂರಿನ ಹೆಂಚಿನ ಕಾರ್ಖಾನೆ, ಇದೇ ಮರದ ಮಣೆ, ಸುಡುವ ಗೂಡಿನಿಂದ ಇಳಿದ ಒಂದೊಂದು ಹೆಂಚನ್ನೂ ಬೆರಳ ಗೆಣ್ಣಿನಿಂದ ತಟ್ಟಬೇಕು, ಟಣ್ ಎಂದರೆ ಒಳ್ಳೇದು, ಡಬ್ ಎಂದರೆ ಒಡಕು, ತಟ್ಟುವವನು ಒಡಕು ಎಂದದ್ದನ್ನು ಇನ್ನೊಬ್ಬರು ತಟ್ಟಿ ನೋಡುವಂತಿಲ್ಲ, ಸಾಹುಕಾರರೂ ಅಷ್ಟೇ, ಪಕ್ಕದಲ್ಲಿ ನಿಂತ ಜಾನ್ ಪಾಷಾ ಅದನ್ನು ಗುಂಡಿಗೆ ಎಸೆಯಬೇಕು, ಅದು ಇಲ್ಲಿಯ ಕಟ್ಟಳೆ, ಆ ಕಟ್ಟಳೆಯ ಮೇಲೆ ಎಷ್ಟು ಜಂಬವಿತ್ತು ಇವನಿಗೆ, ಮಾಸ್ತಿಗೆ ಹೋಗುವ ಬಸ್ಸಿನಲ್ಲಿ ಕೂತವರ ಹತ್ತಿರ ಕೊಚ್ಚಿಕೊಂಡದ್ದೇನು ಕಡಿಮೆಯೇ — ಈಗ ನೋಡು, ಶಿವರಾತ್ರಿಯಿಂದೀಚೆಗೆ ಗುಂಡಿ ತುಂಬಿಹೋಗಿದೆ, ಅದರಲ್ಲಿ ಅರ್ಧಕ್ಕರ್ಧ ಒಳ್ಳೇ ಹೆಂಚು. ಕಿವಿ ಹೋಗಿದೆ ಎಂದರು ಕಾರ್ಖಾನೆಯವರು, ಕೋಲಾರಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದ್ದೂ ಆಯಿತು, ಕಿವಿಗೇನೂ ಆಗಿಲ್ಲಪ್ಪ ಎಂದು ಕಳಿಸಿಬಿಟ್ಟರು, ಹೌದು, ಟಣ್ ಎನ್ನುವುದು ಚೊಕ್ಕವಾಗಿ ಕೇಳುತ್ತದೆ, ಕೇಳಿದ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ, ನಿಜವಾಗಿಯೂ ಟಣ್ ಎಂದಿತೇ, ಇನ್ನೊಂದು ಸಲ ತಟ್ಟು, ಇನ್ನೊಂದು ಸಲ, ಕೂದಲೆಳೆಯಷ್ಟು ಬಿರುಕಿದ್ದರೆ, ಯಾರದೋ ಮನೆ, ಯಾರದೋ ಮಗು ಮಲಗಿದೆ, ಮೇಲಿಂದ ಹೆಂಚು ಬೀಳುತ್ತದೆ, ಒಳ್ಳೇದು ಎಂದವನು ನೀನು — ಅಷ್ಟರಲ್ಲಿ ಬಾಯಿ ಒಡಕು ಎಂದುಬಿಟ್ಟಿರುತ್ತದೆ, ಎಂದಾಗ ಒಂದು ಗಳಿಗೆ ಎದೆ ಹಗುರ, ಆಮೇಲೆ ಮುಂದಿನ ಹೆಂಚು. ಯಾಕೆ ಹೀಗೆ, ಮನೆಯಲ್ಲಿ ಯಾರೂ ಸತ್ತಿಲ್ಲ, ಯಾರೂ ಬೈದಿಲ್ಲ, ಹೆಂಡತಿ ಅನಸೂಯಮ್ಮ ಮುದ್ದೆ ಇಟ್ಟು ಎದುರಿಗೆ ಕೂತು ನಾನೇನಾದ್ರೂ ತಪ್ಪು ಮಾಡಿದ್ನಾ ಹೇಳಿ ಎನ್ನುತ್ತಾಳೆ, ಏನೂ ಇಲ್ಲ ಕಣೇ, ಮುದ್ದೆ ತಟ್ಟೆಯಲ್ಲೇ ಆರುತ್ತದೆ, ಅವಳು ಅತ್ತರೂ ಇವನಿಗೆ ಅಳು ಬರುವುದಿಲ್ಲ, ತಾಯತ ಕಟ್ಟಿಸಿದಳು, ಕಟ್ಟಿಸಿಕೊಂಡ, ಇದರ ಬದಲು ಜ್ವರ ಬಂದಿದ್ದರೆ ಚೆನ್ನಾಗಿತ್ತು, ಕಾಲು ಮುರಿದಿದ್ದರೆ ಇನ್ನೂ ಚೆನ್ನ, ನಾಲ್ಕು ಜನಕ್ಕೆ ತೋರಿಸಬಹುದಿತ್ತು.

ಮೇಸ್ತ್ರಿ ಶ್ರೀರಾಮಪ್ಪನವರು ಎದುರಿಗೆ ನಿಂತಿದ್ದಾರೆ, ತಾವೇ ಆರಿಸಿ ಹತ್ತು ಹೆಂಚು ತಂದಿಟ್ಟಿದ್ದಾರೆ, ಇವತ್ತು ಇತ್ಯರ್ಥ ಮಾಡಿಬಿಡಿ ಎಂದರಂತೆ ಸಾಹುಕಾರರು, ಇವತ್ತೂ ಹೀಗೇ ಆದರೆ ನಾಳೆಯಿಂದ ಮಣೆ ಇನ್ನೊಬ್ಬರಿಗೆ, ಮೇಸ್ತ್ರಿ ಬಗ್ಗಿ ಮೆಲ್ಲಗೆ ಹೇಳುತ್ತಿದ್ದಾರೆ, ಒಂದನ್ನಾದ್ರೂ ಒಳ್ಳೇದು ಅನ್ನು ಆವಲಪ್ಪ, ಒಂದೇ ಒಂದು, ನಿನ್ನ ಇಲ್ಲೇ ಉಳಿಸ್ಕೋತೀನಿ. ಪಾಪ, ಒಳ್ಳೆಯ ಮನುಷ್ಯ. ಮೊದಲನೆಯದು, ಟಣ್, ಒಡಕು, ಜಾನ್ ಪಾಷಾನ ಕೈ ಹೆಂಚನ್ನು ಬಿಟ್ಟಿತು, ಗುಂಡಿಗೆ ಬಿದ್ದು ಚೂರಾಗುವಾಗಲೂ ಎಂಥ ಶುದ್ಧ ಸದ್ದು, ಎರಡನೆಯದು, ಮೂರು, ಪಾಷಾನ ಕೈ ಬಿಟ್ಟಿತು, ಬಿಟ್ಟಿತು, ಅವನ ಮುಖ ಯಾಕೆ ಹಾಗಿದೆ, ಇಷ್ಟು ವರ್ಷ ಪಕ್ಕದಲ್ಲಿ ನಿಂತವನಿಗೆ ಸದ್ದು ತಿಳಿಯದೇ, ಎರಡು ತಿಂಗಳಿಂದ ಎಲ್ಲ ಗೊತ್ತಿದ್ದೂ ಕಟ್ಟಳೆಗೆ ಕಟ್ಟುಬಿದ್ದು ಎಸೆಯುತ್ತಿದ್ದಾನೆ, ನನ್ನ ಮಾನಕ್ಕಾಗಿ ಬಾಯಿಮುಚ್ಚಿಕೊಂಡಿದ್ದಾನೆ, ನಾಲ್ಕು, ಐದು, ಗೆಣ್ಣಿನ ಚರ್ಮ ಕಿತ್ತು ರಕ್ತ ಹೆಂಚಿಗೆ ಹತ್ತುತ್ತಿದೆ, ಕೆಂಪಿನ ಮೇಲೆ ಕೆಂಪು, ಕಾಣುವುದೂ ಇಲ್ಲ, ಎಂಟು, ಒಂಬತ್ತು, ಪಾಷಾನ ಕೈ ಬಿಟ್ಟಿತು, ಇನ್ನು ಒಂದೇ, ಹೇಳೋ, ಒಳ್ಳೇದು, ಮೂರಕ್ಷರದ ಮಾತು, ಅನಸೂಯಾಗೋಸ್ಕರ ಹೇಳೋ, ಹತ್ತನೆಯದು ಟಣ್ ಎಂದು ಗುಡಿಯ ಗಂಟೆಯ ಹಾಗೆ ಎಳೆದು ನಿಂತಿತು, ಇದಕ್ಕಿಂತ ಒಳ್ಳೇ ಹೆಂಚನ್ನು ಈ ಜನ್ಮದಲ್ಲಿ ತಟ್ಟಿಲ್ಲ, ಆ ಮಗು, ಆ ಮಗು ಮಲಗಿದೆ — ಒಡಕು.

ಶ್ರೀರಾಮಪ್ಪನವರು ಮುಖ ತಿರುಗಿಸಿ ಆಫೀಸಿನ ಕಡೆ ನಡೆದರು, ಮಣೆ ಹೋಯಿತು, ಸರಿ, ಎಸಿ ಪಾಷಾ, ಒಡಕು ಎಂದೆನಲ್ಲ, ಎಸಿ, ಜಾನ್ ಪಾಷಾ ಗುಂಡಿಯ ಅಂಚಿನಲ್ಲಿ ನಿಂತಿದ್ದಾನೆ, ಕಣ್ಣಲ್ಲಿ ನೀರು, ಹೆಂಚಿಗೇನೂ ಆಗಿಲ್ಲ ಅಣ್ಣಾ, ಆಗಿರೋದು ನಿಂಗೆ, ಇದನ್ನ ನಾನು ಎಸೆಯಲ್ಲ ಎನ್ನುತ್ತಿದ್ದಾನೆ, ಕಟ್ಟಳೆ ಪಾಷಾ, ನಾನು ಹೇಳಿದ್ದೀನಿ, ಎಸಿ, ಅವನು ಎರಡೂ ಕೈಯಲ್ಲಿ ಹೆಂಚನ್ನು ಎದೆಗವಚಿಕೊಂಡಿದ್ದಾನೆ, ಕೈ ಬಿಡುವುದಿಲ್ಲ, ಈಗ ಬಿಡುತ್ತದೆ, ಬಿಡುವುದಿಲ್ಲ, ಆ ಕೈ, ಆ ಹೆಂಚು, ಬಿಡುವುದಿಲ್ಲ, ಆ ಕೈ —