ಮಗ್ಗ ನಿಂತಾಗಿನ ಮಾತು

ಪರದೆಯ ಮೂಲೆಯಲ್ಲಿ ನನ್ನದೇ ಮುಖ, ಬೆಂಕಿಪೊಟ್ಟಣದಷ್ಟು, ಕಿಟಕಿಯ ಬಿಸಿಲು ಹಣೆಯನ್ನೆಲ್ಲ ತಿಂದುಬಿಟ್ಟಿದೆ, ಎಡಕ್ಕೆ ಸರಿದರೆ ಮೂಗು ಮಾಯ, ಬಲಕ್ಕೆ ಸರಿದರೆ ಕಿವಿ ಮಾಯ, ಇರಲಿ ಬಿಡು, ಬೀಳಗಿಯ ಮಧ್ಯಾಹ್ನದ ಬಿಸಿಲಿಗೆ ಬುದ್ಧಿ ಹೇಳುವವರು ಯಾರು — ಕೆಳಗಿನ ಮನೆಯವರ ನೀರಿನ ತೊಟ್ಟಿಗೆ ಬಿದ್ದ ಬೆಳಕು ಎದ್ದು ಬಂದು ನನ್ನ ಗೋಡೆಯ ಮೇಲೆ ತೂಗುತ್ತದೆ, ನೋಡುತ್ತ ಕೂತರೆ ಕಣ್ಣು ಎಳೆಯುತ್ತದೆ, ಬನಶಂಕರಿ, ಎಚ್ಚರ, ಇನ್ನೇನು ರಬಕವಿಯಿಂದ ರಾಧಿಕಾ ಬರುತ್ತಾಳೆ, ಈ ಒಂದು ತಾಸು ಮುಗಿದರೆ ತರಬೇತಿಯ ತಾಸುಗಳೆಲ್ಲ ಮುಗಿದ ಹಾಗೆ, ವೈಶಾಲಿ ಮೇಡಂ ಮೈಸೂರಿನಲ್ಲಿ ಕೂತು ಸಹಿ ಹಾಕಿದರೆ ನಾನು ಆಪ್ತಸಮಾಲೋಚಕಿ, ಅವ್ವನ ಬಾಯಲ್ಲಿ ಮಾತ್ರ ಕೊನೆವರೆಗೂ ಟೀವಿಯೊಳಗ ಮಾತಾಡೋ ನೌಕರಿಯವಳು. ನಿನ್ನೆ ಮೇಡಂ ಎಷ್ಟು ಖುಷಿಯಾಗಿದ್ದರು, ಹೋದ ವಾರದ ರೆಕಾರ್ಡಿಂಗ್ ನೋಡಿದ್ದಾರೆ, ಅದರಲ್ಲಿ ಕಾಣುವುದು ನನ್ನ ಮುಖವೊಂದೇ, ಬನಶಂಕರಿ, ಆ ಮೌನ, ಎಷ್ಟು ಚೆನ್ನಾಗಿ ನಿಭಾಯಿಸಿದಿರಿ, ಹೊಸಬರು ಅಷ್ಟು ಹೊತ್ತು ಸುಮ್ಮನಿರೋದೇ ಇಲ್ಲ, ಗಾಬರಿಯಾಗಿ ಏನಾದರೂ ಮಾತಾಡಿಬಿಡ್ತಾರೆ, ನೀವು ಕಣ್ಣು ಕೂಡ ಮಿಟುಕಿಸಲಿಲ್ಲ, ಅದನ್ನೇ ವಿವರವಾಗಿ ಬರೆದು ಕಳಿಸಿ. ನಾನು ಥ್ಯಾಂಕ್ಯೂ ಮೇಡಂ ಅಂದೆ. ಅಂದುಬಿಟ್ಟೆ, ನಾಚಿಕೆಯಿಲ್ಲದೆ. ಕಣ್ಣು ಹೇಗೆ ಮಿಟುಕಿಸಲಿ, ಮಿಟುಕಿಸಿದರೆ ಒಂದು ಮಾತು ತಪ್ಪಿಹೋಗುತ್ತಿತ್ತು, ಅದು ಮೌನವೇ ಅಲ್ಲ ಮೇಡಂ, ಅಷ್ಟು ಹೊತ್ತೂ ಆ ಹುಡುಗಿ ರಾಧಿಕಾ ಮಾತಾಡಿದ್ದಳು.

ಮಗ್ಗದ ಮನೆಯ ಹೊರಗೆ ಹುಟ್ಟಿದವರಿಗೆ ಇದನ್ನು ತಿಳಿಸುವುದು ಕಷ್ಟ. ಬನಹಟ್ಟಿಯಲ್ಲಿ ನಮ್ಮ ತೊಟ್ಟಿಲು ಕಟ್ಟುತ್ತಿದ್ದದ್ದೇ ಪವರ್‌ಲೂಮಿನ ಪಕ್ಕ, ಖಟ್ ಖಟ್ ಖಟ್ ಖಟ್, ಅದೇ ಜೋಗುಳ, ಕರೆಂಟ್ ಹೋಗಿ ಮಗ್ಗ ನಿಂತರೆ ಓಣಿಯ ಕೂಸುಗಳೆಲ್ಲ ಒಟ್ಟಿಗೇ ಎದ್ದು ಕಿರುಚುತ್ತಿದ್ದವು, ಮತ್ತು ಆ ಸದ್ದಿನಲ್ಲಿ ಕಿವಿಯಿಂದ ಕೇಳುವವರು ಯಾರು, ನಮ್ಮವ್ವ ಅನ್ನವ್ವ ಆ ಮೂಲೆಯ ಮಗ್ಗದಿಂದ ತುಟಿ ಆಡಿಸಿದರೆ ಸಾಕು, ಉಪ್ಪು ತಂದೆಯಾ, ಅಪ್ಪ ಉಂಡನಾ, ಲೇ ನಿನ್ನ ಲಂಗ ಹರದೈತಿ ನೋಡು, ಎಲ್ಲ ಓದಿಕೊಳ್ಳುತ್ತಿದ್ದೆ, ಸಾಲೆಯಲ್ಲಿ ಅಕ್ಷರ ಕಲಿಯುವುದಕ್ಕಿಂತ ಮೊದಲು ಕಲಿತದ್ದು ಅವ್ವನ ತುಟಿ. ಮೊದಲ ದಿನ ರಾಧಿಕಾ ಕೇಳಿದಳು, ನಿಮ್ಮ ತವರಮನಿ ಯಾವೂರ್ರಿ, ನಾನು ಬನಹಟ್ಟಿ ಅಂದೆ, ಹಂಗಾರ ನೀವೂ ಮಗ್ಗದ ಮನಿಯವರ ಅನ್ರಿ, ಅಂದು ಮೊದಲ ಸಲ ಸ್ವಲ್ಪ ನಕ್ಕಳು, ಮೇಡಂ ಅದಕ್ಕೆ ಬೈದರು, ನಮ್ಮ ಬಗ್ಗೆ ನಾವು ಹೇಳಿಕೊಳ್ಳಬಾರದು, ಅದು ವೃತ್ತಿಗೆ ಒಪ್ಪುವುದಿಲ್ಲ. ಒಪ್ಪಲಿಕ್ಕಿಲ್ಲ. ಹೇಳದಿದ್ದರೆ ಅವಳು ಎಂದೂ ಬಾಯಿ ಬಿಡುತ್ತಿರಲಿಲ್ಲ.

ಅವಳನ್ನು ನನ್ನೆದುರು ಕೂರಿಸಿದವಳು ಅವಳ ಅತ್ತೆ ಸಾತವ್ವ, ಫೋನು ಹಿಡಿದು ನೇರ ನನಗೇ ಹೇಳಿದ್ದಳು, ಬಾಯಾರ, ನನ್ನ ಮಗಾ ಶಿವಾಜಿ ಜಮಖಂಡಿ ರಸ್ತೆದಾಗ ಬೈಕಿನಿಂದ ಬಿದ್ದು ಸತ್ತು ವರ್ಷ ಆಗಾಕ ಬಂತು, ಸೊಸಿ ಒಂದ ಹನಿ ಕಣ್ಣೀರ ಹಾಕವಲ್ಲಳ್ರಿ, ಎದಿಯಾಗ ಇಟಗೊಂಡ್ರ ಜಡ್ಡ ಆಕ್ಕೈತಿ, ಹೆಂಗರ ಮಾಡಿ ಒಂದ ಸಲ ಅಳಸಿ ಬಿಡ್ರಿ. ಅಳಸಬೇಕಂತೆ. ನಗು ಬಂದಿತ್ತು, ಆಮೇಲೆ ಆ ಮುದುಕಿಯ ಮೇಲೆ ಜೀವ ಕರಗಿತ್ತು. ಒಬ್ಬಳೇ ಕೂರಲು ಆ ಮನೆಯಲ್ಲಿ ಬೇರೆ ಕೋಣೆಯಿಲ್ಲ, ಹಿಂದೆ ಸಾತವ್ವ ರಾಟಿ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುತ್ತಾಳೆ, ಮಗ್ಗ ನಡೆದಿರುವವರೆಗೆ ಚಿಂತೆಯಿಲ್ಲ, ಇಯರ್‌ಫೋನು ಹಾಕಿಕೊಂಡು ರಾಧಿಕಾ ಅಡಿಗೆ, ನೂಲು, ತಲೆನೋವು ಅಂತ ಏನೋ ಹೇಳುತ್ತಿರುತ್ತಾಳೆ, ಯಾರ ಕಿವಿಗೂ ಬೀಳುವುದಿಲ್ಲ, ಹೋದ ವಾರ ಕರೆಂಟ್ ಹೋಯಿತು, ಮಗ್ಗ ನಿಂತವು, ಮನೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಸದ್ದಡಗಿತು, ಆಗ ಅವಳು ಮ್ಯೂಟ್ ಒತ್ತಿದಳು. ನನ್ನನ್ನೇ ನೋಡಿದಳು. ತುಟಿ ಆಡತೊಡಗಿದವು.

ಅವರು ಸತ್ತ ದಿನ ನನಗ ನಿದ್ದಿ ಬಂತ್ರಿ, ಅಂದಳು ಆ ತುಟಿಗಳಲ್ಲಿ. ಮದುವಿ ಆದಮ್ಯಾಲ ಮೊದಲ ಸಲ. ದಿನಾ ರಾತ್ರಿ ಬಾಗಲಾ ಬಡಿಯೋ ಸಪ್ಪಳದಾಗ ಎಷ್ಟ ಕುಡದಾರ ಅಂತ ತಿಳಕೋತಿದ್ದೆ, ಬಡಿತಾರೋ ಬರೇ ಬೈತಾರೋ ಅಂತ ಗೋಡಿಗೆ ಆತು ಕುಂಡ್ರತಿದ್ದೆ. ಅವತ್ತ ಹೆಣಾ ಅಂಗಳದಾಗ ಇತ್ತು, ಮಂದಿ ಅಳಾಕತ್ತಿದ್ರು, ನಾ ಒಳಗ ನೂಲಿನ ಗಂಟಿನ ಮ್ಯಾಲ ತಲಿ ಇಟ್ಟು ಮಲಗಿಬಿಟ್ಟೆ, ಎಚ್ಚರ ತಪ್ಪೇತಿ ಅಂತ ನೀರ ಹೊಡದ್ರು, ಎಚ್ಚರ ತಪ್ಪಿದ್ದಿಲ್ಲರಿ, ನಿದ್ದಿ, ಛಲೋ ನಿದ್ದಿ. ಅತ್ತಿಗೆ ಗೊತ್ತಾದ್ರ ನಾ ಯಾರ ಮಾರಿ ನೋಡ್ಲಿ, ನನಗ ಇರೋದ ಅವರೊಬ್ಬರ. ಆಮೇಲೆ ತುಟಿ ಮುಚ್ಚಿ ತೆರೆದು ಕೊನೆಯ ಮಾತು, ಬರೀಬ್ಯಾಡ್ರಿ. ಅಥವಾ ಮರೀಬ್ಯಾಡ್ರಿ. ಇಲ್ಲೇ ನಾನು ಸಿಕ್ಕಿಬಿದ್ದದ್ದು, ಬ ಮತ್ತು ಮ ತುಟಿಯ ಮೇಲೆ ಒಂದೇ, ಅಳೆದು ತೂಗಿ ನೋಡಿದರೂ ಒಂದೇ, ಮಗ್ಗದವರಿಗೆ ಇದು ಗೊತ್ತು, ಅದಕ್ಕೇ ಬರಿ ಅನ್ನುವಾಗ ಅಂಗೈ ಮೇಲೆ ಬೆರಳು ಆಡಿಸುತ್ತಾರೆ, ಮರಿ ಅನ್ನುವಾಗ ಹಣೆ ಸವರುತ್ತಾರೆ, ಅವಳ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಸೆರಗು, ಯಾವ ಕೈಯಿಂದ ಮಾಡಿ ತೋರಿಸಿಯಾಳು.

ಬರೆಯಬೇಡ ಅಂದಿದ್ದರೆ — ನಾನು ಬರೆದದ್ದು ಮೇಡಂಗೆ ಹೋಗುತ್ತದೆ, ಅಲ್ಲಿಂದ ಈ ಕಡೆಯ ಸಮಾಲೋಚನಾ ಕೇಂದ್ರದ ಆಫೀಸಿಗೆ, ಅಲ್ಲಿ ಕಂಪ್ಯೂಟರಿನ ಮುಂದೆ ಕೂತವರು ಯಾರ ಅಳಿಯನೋ ಯಾರ ಮೈದುನನೋ, ರಬಕವಿ ಬನಹಟ್ಟಿಯಲ್ಲಿ ಯಾರಿಗೆ ಯಾರು ಬೀಗರಲ್ಲ ಹೇಳು, ಒಂದು ದಿನ ಸಾತವ್ವನ ಕಿವಿಗೆ ಬಿದ್ದೀತು. ಮರೆಯಬೇಡ ಅಂದಿದ್ದರೆ — ಒಬ್ಬರಾದರೂ ತನ್ನನ್ನು ಇದ್ದ ಹಾಗೆ ತಿಳಿದಿರಲಿ ಅಂತ ಕೇಳಿದ್ದಾಳೆ, ಅದನ್ನು ನಾನು ಮೌನ ಅಂತ ಬರೆದು ಸಹಿ ಹಾಕಿಸಿಕೊಂಡರೆ ನನ್ನಂಥ ಲಫಂಗಿ ಇನ್ನೊಬ್ಬಳಿಲ್ಲ. ಇವತ್ತು ಕೇಳಲೇಬೇಕು, ಅವಳನ್ನೇ ಕೇಳಬೇಕು.

ಬಂದಳು. ಖಟ್ ಖಟ್ ಖಟ್, ಅವಳ ಹಿಂದೆಯೇ ಮಗ್ಗವೂ ನನ್ನ ಕೋಣೆಗೆ ಬಂತು, ಇವತ್ತು ಇಯರ್‌ಫೋನಿಲ್ಲ, ಕೆಟ್ಟೈತ್ರಿ ಅಂತಾಳೆ, ಫೋನನ್ನು ನೂಲಿನ ಕೋನಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದಾಳೆ, ಹಿಂದೆ ಸಾತವ್ವ, ರಾಟಿ, ಬಿಳಿ ನೂಲು, ಹೆಂಗದೀರಿ ಅಂದೆ, ಅದೀನ್ರಿ ಅಂದಳು, ಆ ಸದ್ದಿಗೆ ನನಗೆ ತೊಟ್ಟಿಲು ತೂಗಿದಂತಾಗುತ್ತದೆ, ಅವ್ವನ ಸೀರೆಯ ನೂಲಿನ ವಾಸನೆ, ಗಂಜಿಯ ವಾಸನೆ, ಎಲ್ಲಿದ್ದೇನೆ ನಾನು, ಬೀಳಗಿಯಲ್ಲೋ ಬನಹಟ್ಟಿಯಲ್ಲೋ, ರಾಧಿಕಾ ಏನೋ ಹೇಳುತ್ತಿದ್ದಾಳೆ, ತಲೆನೋವು ಕಡಿಮೆಯಂತೆ, ಹೇಗೆ ಕೇಳಲಿ, ಈ ಸದ್ದಿನಲ್ಲಿ ನಾನು ಕೂಗಿ ಕೇಳಿದರೆ ಫೋನಿನಿಂದ ಎಲ್ಲಿಯವರೆಗೆ ಹೋದೀತೋ, ಆಗಲೇ ಖಟ್ ಖಟ್ ಖ — ನಿಂತಿತು. ಕರೆಂಟ್ ಹೋಯಿತು. ಅವಳ ಬೆರಳು ಮ್ಯೂಟಿನ ಮೇಲೆ. ನಾನೂ ಮ್ಯೂಟ್ ಒತ್ತಿದೆ, ತುಟಿ ತೆರೆದೆ, ಎಷ್ಟು ವರ್ಷದ ಮೇಲೆ ಈ ಭಾಷೆ, ನಿಧಾನ, ದೊಡ್ಡದಾಗಿ, ಅವ್ವ ಕಲಿಸಿದ ಹಾಗೆ — ಶಿವಾಜಿ ಸತ್ತ ದಿನ, ನಿಮಗ, ನಿದ್ದಿ ಬಂದಿದ್ದು, ಬರೀಲ್ಯೋ, ಮರೀಲ್ಯೋ. ಮೂಲೆಯ ಬೆಂಕಿಪೊಟ್ಟಣದಲ್ಲಿ ನನ್ನ ತುಟಿ ಎರಡು ಸಲ ಒಂದೇ ಥರ ಮುಚ್ಚಿ ತೆರೆಯಿತು, ಹುಚ್ಚಿ, ಬೆರಳು, ಬೆರಳು ತೋರಿಸು, ಅಂಗೈ ಮೇಲೆ ಬೆರಳು ಆಡಿಸಬೇಕು ಅಂತ ಕೈ ಎತ್ತಿದೆ, ಕೈ ಅಲ್ಲೇ ನಿಂತಿತು.

ರಾಟಿ ನಿಂತಿದೆ. ರಾಧಿಕಾಳ ಹೆಗಲ ಹಿಂದೆ ಸಾತವ್ವ ತಲೆಯೆತ್ತಿ ನೋಡುತ್ತಿದ್ದಾಳೆ, ಸೊಸೆಯನ್ನಲ್ಲ, ಫೋನನ್ನು, ಫೋನಿನಲ್ಲಿ ನನ್ನನ್ನು, ನನ್ನ ಬಾಯನ್ನು. ಅಯ್ಯೋ ನನ್ನ ಬಾಯೇ. ಅವಳ ಕಿವಿಗೆ ಹೆದರಿ ಇಷ್ಟೆಲ್ಲ ಮಾಡಿದೆ, ಜೀವಮಾನವೆಲ್ಲ ಮಗ್ಗದ ಮುಂದೆ ಕೂತ ಹೆಂಗಸು, ನನಗಿಂತ ಮೊದಲು ತುಟಿ ಓದಲು ಕಲಿತವಳು, ಇದೊಂದು ನನಗೆ ಹೊಳೆಯದೆ ಹೋಯಿತೇ, ಬನಹಟ್ಟಿಯ ಮಗಳಿಗೆ, ಹೇಳಿಬಿಟ್ಟೆ, ಯಾರಿಗೆ ಹೇಳಬಾರದಿತ್ತೋ ಅವಳಿಗೇ, ನನ್ನ ಬಾಯಿಂದಲೇ, ಇನ್ನು ಈ ಹುಡುಗಿ ಎಲ್ಲಿ ಹೋಗಬೇಕು. ರಾಧಿಕಾಗೆ ಗೊತ್ತಿಲ್ಲ, ನನ್ನನ್ನೇ ನೋಡುತ್ತ ಹುಬ್ಬು ಗಂಟಿಕ್ಕಿದ್ದಾಳೆ, ಏನಂದ್ರಿ, ತಿಳೀಲಿಲ್ಲರಿ, ಅವಳ ತುಟಿ ಅಂತಿವೆ, ನಾನು ಸಾತವ್ವನಿಂದ ಕಣ್ಣು ಕೀಳಲಾರೆ, ಮುದುಕಿ ಈಗ ಎದ್ದಾಳು, ಈಗ ಕೂಗಿಯಾಳು, ಎದೆ ಬಡಿದುಕೊಂಡಾಳು, ಇಲ್ಲ, ಎದ್ದಿಲ್ಲ, ಸೊಸೆಯ ಬೆನ್ನನ್ನು ನೋಡಿದಳು, ತುಂಬ ಹೊತ್ತು, ಹೆಗಲಿನಿಂದ ಹೆಗಲಿಗೆ, ಏಟು ಬಿದ್ದ ಜಾಗಗಳೆಲ್ಲ ಗೊತ್ತಿದ್ದವಳ ಹಾಗೆ, ಮತ್ತೆ ನನ್ನ ಕಡೆ ಕಣ್ಣು ತಿರುಗಿಸಿದಳು, ತುಟಿ ಆಡಿದವು. ತಪ್ಪು ಓದಿದೆನೇ, ಬ ಇಲ್ಲ, ಮ ಇಲ್ಲ, ತುಟಿ ಎಲ್ಲಿಯೂ ಮುಚ್ಚಲಿಲ್ಲ, ತಪ್ಪಾಗಲು ಜಾಗವೇ ಇಲ್ಲ, ಇನ್ನೊಮ್ಮೆ ಅಂದಳು, ನನಗೆ ಸರಿಯಾಗಿ ಕಾಣಲಿ ಅಂತ ನಿಧಾನವಾಗಿ, ಮೊದಲು ಹಲ್ಲು ಕಂಡಿತು, ಆಮೇಲೆ ತುಟಿ ದುಂಡಗಾಗಿ ಮುಂದೆ ಬಂತು — ನನಗೂ. ನನಗೂ ನಿದ್ದಿ. ನನಗೂ. ಶಿವಾಜಿಯನ್ನು ಹೆತ್ತವಳ ಬಾಯಿ, ಸದ್ದಿಲ್ಲದೆ, ದುಂಡಗೆ, ಆ ಊಕಾರದ ಮೇಲೆ ಹಾಗೇ ನಿಂತು