ನಿಂತಲ್ಲೇ ಸುಸ್ತಾಗುವ ಕಾರು

ನಮ್ಮ ಜಯನಗರದ ಕನ್ನಡ ಸಂಘಕ್ಕೆ ಅಧ್ಯಕ್ಷರಾಗಲು ಕನ್ನಡ ಬೇಕಿರಲಿಲ್ಲ, ಕಾರು ಬೇಕಿತ್ತು. ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಗಳನ್ನು ಯಾರು ಕಾರಿನಲ್ಲಿ ಕರೆತರುತ್ತಾರೋ ಅವರನ್ನೇ ಸಭೆ ಮುಗಿದ ಮೇಲೆ ಕೈ ಎತ್ತಿ ಆರಿಸುವುದು ವಾಡಿಕೆ. ಎಂಬತ್ಮೂರನೇ ಇಸವಿಯಲ್ಲಿ ಆ ಕುರ್ಚಿಗೆ ಟವೆಲ್ ಹಾಕಿದ್ದವರು ನಮ್ಮ ಎದುರು ಮನೆಯ ಚಕ್ರಪಾಣಿ, ರಿಟೈರ್ಡ್ ಇಂಜಿನಿಯರ್. ಎದುರಾಳಿ ಸಂಜೀವಯ್ಯನವರ ಹತ್ತಿರ ಇದ್ದದ್ದು ಒಂದು ಸ್ಕೂಟರು, ಒಂದು ನಗು.

ತೊಂದರೆ ಒಂದೇ. ಚಕ್ರಪಾಣಿಯವರ ಕಾರು ಓಡಿ ಸುಸ್ತಾಗುತ್ತಿರಲಿಲ್ಲ, ನಿಂತು ಸುಸ್ತಾಗುತ್ತಿತ್ತು. ಸಂಜೆ ಷೆಡ್ಡಿಗೆ ಬಿಟ್ಟರೆ ಬೆಳಿಗ್ಗೆ ಕೀಲಿ ತಿರುಗಿಸಿದಾಗ 'ಟಕ್' ಅನ್ನುವುದು, ಅಷ್ಟೆ. ಆಮೇಲೆ ನಾನೂ ಗೆಳೆಯ ಜರಗನಹಳ್ಳಿ ಚಲುವರಾಜುವೂ ತಳ್ಳಬೇಕು. ಹೊಸ ಬ್ಯಾಟರಿ ಹಾಕಿಸಿದರು. ಟಕ್. ಡೈನಮೋ ಬಿಚ್ಚಿಸಿ ಕಟ್ಟಿಸಿದರು. ಟಕ್. ಕೊನೆಗೆ, ಸಂಜೀವಯ್ಯನೇ ಕಾಂಪೌಂಡು ಹಾರಿ ಬಂದು ಕರೆಂಟು ಕದಿಯುತ್ತಿದ್ದಾನೆ ಎಂಬ ತೀರ್ಮಾನಕ್ಕೆ ಬಂದರು.

"ಅವರ ಸ್ಕೂಟರ್‌ಗೆ ಬ್ಯಾಟರೀನೇ ಇಲ್ವಲ್ಲ ಅಂಕಲ್," ಎಂದೆ.

"ಅದಕ್ಕೇ ಕಣೋ ಕದಿಯೋದು!"

ರಾಜ್ಯೋತ್ಸವದ ಹಿಂದಿನ ದಿನ ನಾನೇ ಷೆಡ್ಡಿಗೆ ನುಗ್ಗಿ, ಸಿನಿಮಾ ಪತ್ತೇದಾರನ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತೆ.

"ಯಾರೂ ಹೊರಗೆ ಹೋಗಕೂಡದು! ಕೊಲೆಗಾರ ಈ ಷೆಡ್ಡಲ್ಲೇ ಇದ್ದಾನೆ!"

"ಇಲ್ಲಿರೋದು ನಾನು, ನೀನು ಇಬ್ರೇ ಕಣೋ," ಎಂದರು ಚಕ್ರಪಾಣಿ.

"ನಾನೂ ಇದೀನಿ ಸಾರ್," ಎಂದ ಟಾರ್ಚು ಹಿಡಿದಿದ್ದ ಚಲುವರಾಜು.

ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ, ವೈರಿಗೂ ಬ್ಯಾಟರಿಗೂ ನಡುವೆ ಒಂದು ಪುಟ್ಟ ಬಲ್ಬು ಸೇರಿಸಿದೆ. ಕೀಲಿ ಅವರ ಜೇಬಿನಲ್ಲೇ ಇತ್ತು. ಆದರೂ ಬಲ್ಬು ಮಂಕಾಗಿ ಹೊತ್ತಿಕೊಂಡಿತು. ಅಂದರೆ ನಿಂತ ಕಾರಿನಲ್ಲಿ ಯಾರೋ ಕದ್ದು ಕುಡಿಯುತ್ತಿದ್ದಾರೆ. ಫ್ಯೂಸುಗಳನ್ನು ಒಂದೊಂದಾಗಿ ಕೀಳತೊಡಗಿದೆ. ಯಾವುದನ್ನು ಕಿತ್ತಾಗ ಬಲ್ಬು ಆರುತ್ತದೋ ಕಳ್ಳ ಅಲ್ಲಿರುತ್ತಾನೆ. ಹಾರನ್ ನಿರಪರಾಧಿ. ವೈಪರ್ ನಿರಪರಾಧಿ. ಎಲ್ಲ ಕಿತ್ತರೂ ಬಲ್ಬು ಆರಲಿಲ್ಲ. ಆಗ ಕಂಡಿತು, ಫ್ಯೂಸಿನ ಮುಖವನ್ನೇ ನೋಡದೆ ಬ್ಯಾಟರಿಯಿಂದ ನೇರ ಒಳಗೆ ಹೋಗಿದ್ದ ಕೆಂಪು ವೈರು. ಅದರ ಜಾಡು ಹಿಡಿದು ಹೋದರೆ ಡ್ಯಾಶ್‌ಬೋರ್ಡಿನ ಮೇಲೆ ಲಕ್ಷ್ಮೀನರಸಿಂಹ. ಸುತ್ತಲೂ ಮಿಣಮಿಣ ಸೀರಿಯಲ್ ಸೆಟ್ಟು.

"ಯಾವ ದಡ್ಡ ಮೆಕ್ಯಾನಿಕ್ ಅಂಕಲ್ ಇದನ್ನ ಹಾಕಿದ್ದು?"

"ನಾನೇ," ಎಂದರು.

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸೀತಾಲಕ್ಷ್ಮಿ ಮುಂದೆ ಬಂದರು. "ಆಯುಧಪೂಜೆ ದಿನ ಹಚ್ಚಿದ್ದು ಕಣೋ. ಕೀಲಿ ತಿರುಗಿಸಿದಾಗ ಮಾತ್ರ ಹೊತ್ತಲಿ ಅಂದ್ರು ಇವ್ರು. ಇವರು ಬಂದಾಗ ಮಾತ್ರ ಎದ್ದು ಕೂರೋಕೆ ದೇವರೇನು ಇವರ ಡ್ರೈವರಾ? ಹಗಲೂ ರಾತ್ರಿ ಉರೀಬೇಕು ಅಂತ ನಾನೇ ಹೇಳಿದ್ದು."

"ಅಷ್ಟು ಸಣ್ಣ ಬಲ್ಬು ಇಷ್ಟು ದೊಡ್ಡ ಕಾರನ್ನ ಮಲಗಿಸತ್ತೇನೋ?" ಚಕ್ರಪಾಣಿ ಗುಡುಗಿದರು. "ಮೂವತ್ತು ವರ್ಷ ಸರ್ವಿಸ್ ನಂದು!"

"ಸೊಳ್ಳೆನೂ ಸಣ್ಣದೇ ಅಂಕಲ್. ರಾತ್ರಿಯೆಲ್ಲ ಕುಡಿಯತ್ತೆ. ಈಗ ಕನಕಪುರ ರೋಡಲ್ಲಿ ದೂರ ಹೋಗ್ಬಂದು ಚಾರ್ಜ್ ಮಾಡಿ, ಇವತ್ತೊಂದು ರಾತ್ರಿ ಈ ವೈರ್ ಬಿಚ್ಚಿಡಿ. ನಾಳೆ ತಳ್ಳದೇನೇ ಸೆಲ್ಫಲ್ಲಿ ಸ್ಟಾರ್ಟ್ ಆಗತ್ತೆ."

ಅವರು ಹೆಂಡತಿಯನ್ನು ನೋಡಿದರು, ದೇವರನ್ನು ನೋಡಿದರು.

"ಎಲೆಕ್ಷನ್ ಹಿಂದಿನ ದಿನ ದೇವರನ್ನ ಕತ್ತಲಲ್ಲಿ ಕೂರಿಸಿ ಗೆಲ್ತೀನೇನೋ? ಬೇಡ. ತಳ್ಳೋಕೆ ನೀವಿದೀರಲ್ಲ."

ಮರುದಿನ ಬೆಳಿಗ್ಗೆ ತಳ್ಳಿದೆವು. ಬಸವನಗುಡಿಯಲ್ಲಿ ಮುಖ್ಯ ಅತಿಥಿಗಳ ಮನೆಮುಂದೆ ಇಂಜಿನ್ ಆರಿಸದೆ ನಿಲ್ಲಿಸಿಕೊಂಡು, ಅವರನ್ನು ಹತ್ತಿಸಿಕೊಂಡೆವು. ಅವರು ದೊಡ್ಡ ಪಂಡಿತರು, ಸುತ್ತಳತೆಯಲ್ಲೂ. ವಾಪಸು ಬರುವಾಗ ಸಂಘದ ಪೆಂಡಾಲ್ ಕಾಣುತ್ತಲೇ, ಜನ ನೋಡಲಿ ಎಂದು ಚಕ್ರಪಾಣಿ ಗತ್ತಿನಿಂದ ನಿಧಾನಿಸಿದರು. ಗತ್ತು ಜಾಸ್ತಿಯಾಗಿ ಇಂಜಿನ್ ನಿಂತಿತು. ಕೀಲಿ ತಿರುಗಿಸಿದರು.

ಟಕ್.

ಮುಂದೆ ಏರು. ನಾವಿಬ್ಬರೂ ಇಳಿದು ತಳ್ಳಿದರೂ ಕಾರು ಜಪ್ಪಯ್ಯ ಅನ್ನಲಿಲ್ಲ.

"ನಾನು ಇಳೀಬೇಕೇನಪ್ಪಾ?" ಎಂದು ಪಂಡಿತರು ಕೇಳಿದರು.

"ಇಳಿದ್ರೆ ಸಾಲ್ದು ಸಾರ್," ಎಂದ ಚಲುವರಾಜು.

ಜರಿ ಶಾಲನ್ನು ಸೊಂಟಕ್ಕೆ ಬಿಗಿದು ಪಂಡಿತರು ಹಿಂದಿನಿಂದ ಹೆಗಲು ಕೊಟ್ಟರು. ಸ್ಟೇರಿಂಗ್ ತಮಗೆ ಮಾತ್ರ ಗೊತ್ತು ಎಂದು ಚಕ್ರಪಾಣಿ ಒಳಗೇ ಕೂತರು, ತಲೆಯ ಮೇಲೆ ಮೈಸೂರು ಪೇಟ. ಪೆಂಡಾಲ್ ಬಾಗಿಲಿಗೆ ಬಂದದ್ದೇ ನಾದಸ್ವರ ಮೊಳಗಿತು. ಸ್ವಾಗತ ಸಮಿತಿಯವರು ಅತಿಥಿಗಳ ಮುಖ ಎಂದೂ ನೋಡಿದವರಲ್ಲ. ಕಾರೊಳಗೆ ಕಣ್ಣಿನವರೆಗೆ ಜಾರಿದ್ದ ಪೇಟವಷ್ಟೇ ಕಂಡಿತು, ಕಿಟಕಿಯಿಂದಲೇ ಗುಲಾಬಿ ಹಾರ ಹಾಕಿ ಜೈಕಾರ ಕೂಗಿದರು. "ನಾನಲ್ಲ, ನಾನಲ್ಲ!" ಎಂದು ಚಕ್ರಪಾಣಿ ಅರಚಿದ್ದನ್ನು ವಿನಯ ಎಂದುಕೊಂಡು ಇನ್ನೊಂದು ಹಾರ ಹಾಕಿದರು.

ಬೆವರು ಸುರಿಸುತ್ತ ಮುಂದೆ ಬಂದ ಪಂಡಿತರನ್ನು ಒಬ್ಬ ತಡೆದ. "ಕಾರ್ ತಳ್ಳೋರೆಲ್ಲ ಹಿಂದ್ಗಡೆ ಹೋಗ್ರಪ್ಪ. ಉಪ್ಪಿಟ್ಟು ಆಮೇಲೆ."

ಅವರನ್ನು ಗುರುತಿಸಿದ್ದು ಸಂಜೀವಯ್ಯ ಒಬ್ಬರೇ. ಓಡಿ ಬಂದು ಸೋಡಾ ಕುಡಿಸಿ, ಕೈ ಹಿಡಿದು ವೇದಿಕೆ ಹತ್ತಿಸಿದರು. ಪಂಡಿತರು ಮೈಕಿನ ಮುಂದೆ ಉಸಿರು ಹುಡುಕಿಕೊಂಡು ಹೇಳಿದರು: "ಕನ್ನಡದ ಕೆಲಸಕ್ಕೆ ಹೆಗಲು ಕೊಡಿ ಅಂತ ಊರೂರಲ್ಲಿ ಭಾಷಣ ಮಾಡಿದೀನಿ. ನನ್ನ ಕೈಲೇ ಕೊಡಿಸಿದವರು ನೀವೇ ಮೊದಲು." ಅಷ್ಟೇ ಹೇಳಿ, ಮನೆಗೆ ಹೋಗಲು ಸಂಜೀವಯ್ಯನವರ ಸ್ಕೂಟರೇ ಸಾಕು ಎಂದು ಸಭೆಗೆಲ್ಲ ಕೇಳುವಂತೆ ಸೇರಿಸಿದರು.

ಅಧ್ಯಕ್ಷರ ಆಯ್ಕೆ ಶುರುವಾಯಿತು. ಸಂಜೀವಯ್ಯ ಎಂದಾಗ ಪೆಂಡಾಲ್ ತುಂಬ ಕೈಗಳು. ಚಕ್ರಪಾಣಿ ಎಂದಾಗ ಸೀತಾಲಕ್ಷ್ಮಿಯವರ ಕೈ ಮಾತ್ರ, ಅದೂ ಬಳೆ ಸರಿಮಾಡಿಕೊಳ್ಳಲು ಎತ್ತಿದಂತಿತ್ತು.

ಎರಡು ಹಾರದ ನಡುವಿನಿಂದ ಚಕ್ರಪಾಣಿ ನನ್ನ ಕಡೆ ತಿರುಗಿದರು. "ನೀನಾದ್ರೂ ಕೈ ಎತ್ತೋ!"

"ಎತ್ತಕ್ಕಾಗ್ತಿಲ್ಲ ಅಂಕಲ್," ಎಂದೆ. "ನಿಮ್ಮನ್ನ ಇಲ್ಲೀವರ್ಗೂ ತಳ್ಕೊಂಡು ಬಂದು ಭುಜ ಬಿದ್ದೋಗಿದೆ."